ಟೈಪಿಸ್ಟ್ ಬಾಯಿ ಹರಿದ ಹಾಳೆ

ತೊಂಬತ್ತರ ದಶಕದಲ್ಲಿ ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸರ ಬಗ್ಗೆ ನಾವು ಅಧ್ಯಯನ ನಡೆಸಿದಾಗ, ಅವರ ಮಾತುಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದವರು ನಾವೆಲ್ಲ ‘ಟೈಪಿಸ್ಟ್ ಬಾಯಿ’ ಎಂದು ಕರೆಯುತ್ತಿದ್ದ ಹೆಂಗಸು. ಪ್ರತಿ ಮಾತಿಗೂ ‘ಕೂಲಿ’, ‘ಕೆಮ್ಮು’, ‘ಬೈಗುಳ’ ಎಂದು ಗುರುತು ಹಚ್ಚುವ ಮೊದಲು ಪರದೆಯ ಮೇಲೆ ಬೆರಳಾಡಿಸುತ್ತ, “ತಡೀರಿ ಸರ, ಇನ್ನೊಮ್ಮೆ ಓದ್ತೀನಿ” ಅನ್ನುತ್ತಿದ್ದರು. ನನಗೆ ಯಾವಾಗಲೂ ಅವಸರ.

ಈ ಹೆಂಗಸರಿಗೆ ಎಲೆ ಕೊಟ್ಟು ಬೀಡಿ ಕಟ್ಟಿಸುವ ಗುತ್ತಿಗೆದಾರ ಅವರ ದೂರು ನೋಡಲು ನಮ್ಮ ಕಚೇರಿಗೆ ಬರುವ ದಿನ, ‘ಬೈಗುಳ’ದ ಗುರುತಿದ್ದ ಮಾತುಗಳನ್ನೆಲ್ಲ ಕಂಪ್ಯೂಟರಿನಿಂದ ಒಟ್ಟಿಗೆ ತೆಗೆದು ಮುದ್ರಿಸಿದೆ. ಹೆಸರಿನ ಜಾಗದಲ್ಲಿ ಬರೀ ಸಂಖ್ಯೆಗಳಿದ್ದವು. ಬಾಯಿ ಮೊದಲ ಹಾಳೆಯಲ್ಲೇ ತಡೆದರು.

“‘ಎಡಗೈಲೆ ಕಟ್ತೀಯಂತ ಬೈತಾನ್ರಿ’ ಅಂದಾಳ. ಆ ಓಣ್ಯಾಗ ಎಡಗೈಯಾಕಿ ಒಬ್ಬಾಕೀನ ಅದಾಳ್ರಿ ಸರ. ನಾಳಿಂದ ಅಕೀಗೆ ಬೀಡಿ ಎಲಿ ಕೊಡ್ತಾನೇನು?”

“ಹೆಸರು ತಗದೀನಲ್ರಿ ಬಾಯಿ.”

“ಕೈ ಹಂಗ ಬಿಟ್ಟೀರಲ್ರಿ!”

ಅಷ್ಟರಲ್ಲಿ ಗುತ್ತಿಗೆದಾರ ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ಬಾಯಿ ಆ ಹಾಳೆಯನ್ನು ಹರಿದು ಸೆರಗಿನಲ್ಲಿ ಮುಚ್ಚಿಕೊಂಡರು.

“ಒಂದನೇ ಹಾಳಿ ಎಲ್ಲೈತ್ರಿ?” ಎಂದು ಅವನು ಒಳಗೆ ಬಂದು, ನನ್ನ ಕೈಯಲ್ಲಿದ್ದ ಮೇಲಿನ ಹಾಳೆಯ ‘೨’ ನೋಡಿ ಕೇಳಿದ.

“ಕಂಪ್ಯೂಟರ್ ತಿಂತ್ರಿ ಸಾವ್ಕಾರ್ರ. ಅದಕ್ಕೂ ಹಸಿವು ಇರ್ತೈತಿ.”

ಅವನು ನಕ್ಕ. ಉಳಿದ ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು, ಕನ್ನಡಕ ಏರಿಸಿ, ಒಂದೊಂದೇ ಸಾಲು ಓದತೊಡಗಿದ. ಯಾರ ಗುರುತಾದರೂ ಉಳಿದಿದೆಯೇ ಎಂದು ಅವನ್ನು ಬಾಯಿ ಇನ್ನೊಮ್ಮೆ ಓದಿರಲಿಲ್ಲ. ನಾನೂ ಓದಿರಲಿಲ್ಲ.