ಹೆಸರಿನ ಜಾಗದಲ್ಲಿ ಸೊನ್ನೆ

ಜಮಖಂಡಿಯ ರಸಿಕಾ ಏನು ಕೆಲಸ ಮಾಡುತ್ತಾರೆ ಎಂದು ನೆರೆಯವರು ಕೇಳಿದರೆ ಅವರ ಅತ್ತೆ ರಾಧಾಬಾಯಿ ಹೇಳುವುದು ಒಂದೇ ಮಾತು: ‘ಕಂಪ್ಯೂಟರಿಂದು ಪಂಚನಾಮಿ ಮಾಡ್ತಾಳ.’ ಚೇಷ್ಟೆಗೆ ಹುಟ್ಟಿದ ಮಾತಾದರೂ ಇದಕ್ಕಿಂತ ಸರಿಯಾದ ವಿವರಣೆ ರಸಿಕಾ ಅವರಿಗೂ ಸಿಕ್ಕಿಲ್ಲ.

ಮಗ್ಗದವರಿಗೂ ಬೆಲ್ಲದ ಅಂಗಡಿಯವರಿಗೂ ಸಾಫ್ಟ್‌ವೇರ್ ಮಾರುವ ಸಣ್ಣ ಕಂಪನಿಯೊಂದಕ್ಕೆ ಅವರು ಮನೆಯಿಂದಲೇ ದುಡಿಯುತ್ತಾರೆ. ಓಡುತ್ತಿದ್ದ ಪ್ರೋಗ್ರಾಂ ಒಮ್ಮೆಲೇ ಸತ್ತುಹೋದರೆ, ಆ ಗಳಿಗೆಯಲ್ಲಿ ಅದರ ನೆನಪಿನಲ್ಲಿ ಇದ್ದದ್ದೆಲ್ಲ ಒಂದು ಫೈಲಿನಲ್ಲಿ ಉಳಿಯುತ್ತದೆ. ಅದಕ್ಕೆ ಡಂಪ್ ಎನ್ನುತ್ತಾರೆ. ಹಾಗೇ ತೆರೆದರೆ ಅದರಲ್ಲಿ ಏನೂ ತಿಳಿಯುವುದಿಲ್ಲ. ನೋಡಲೆಂದೇ ಒಂದು ವ್ಯೂವರ್ ಇದೆ. ಅದರಲ್ಲಿ ತೆರೆದರೆ ಎಡಕ್ಕೆ ಅಂಕಿಗಳ ಸಾಲು, ಬಲಕ್ಕೆ ಅದೇ ಅಂಕಿಗಳು ಅಕ್ಷರವಾಗಿ ಕಾಣುವ ಸಾಲು, ಮೇಲ್ಗಡೆ ಪ್ರೋಗ್ರಾಂ ಕಡೆಯ ಗಳಿಗೆಯಲ್ಲಿ ಮಾಡುತ್ತಿದ್ದ ಕೆಲಸಗಳ ಪಟ್ಟಿ. ಹೆಣ ಎತ್ತುವ ಮೊದಲು ಪೊಲೀಸರು ಅದು ಬಿದ್ದ ಭಂಗಿ, ಮುಷ್ಟಿಯಲ್ಲಿ ಹಿಡಿದಿದ್ದ ವಸ್ತು ನೋಡಿ ಬರೆದುಕೊಳ್ಳುತ್ತಾರಲ್ಲ, ಹಾಗೆ ರಸಿಕಾ ನೋಡುತ್ತಾರೆ.

ಹದಿನಾಲ್ಕು ವರ್ಷದ ಈ ಕೆಲಸದಲ್ಲಿ ಅವರಿಗೆ ಹೆದರಿಕೆ ಎಂಬುದು ಒಮ್ಮೆ ಮಾತ್ರ ಬಂದಿತ್ತು. ಕಳೆದ ಬೇಸಿಗೆ, ರಬಕವಿಯಲ್ಲಿ, ನಡುಮಧ್ಯಾಹ್ನ.

ಕರೆಸಿದವರು ಯಲ್ಲಾಲಿಂಗ. ರಬಕವಿಯಲ್ಲಿ ಅವರದು ವಿದ್ಯುತ್ ಮಗ್ಗಗಳ ಶೆಡ್ಡು. ಅವರ ತಮ್ಮ ಸೋಮಲಿಂಗ ಸೀರೆಯ ಅಂಚು, ಸೆರಗುಗಳ ಡಿಸೈನ್ ಅನ್ನು ಕಂಪ್ಯೂಟರಿನಲ್ಲಿ, ರಸಿಕಾ ಅವರ ಕಂಪನಿಯದೇ ಪ್ರೋಗ್ರಾಮಿನಲ್ಲಿ ಬಿಡಿಸುತ್ತಿದ್ದರು. ಕಿಡ್ನಿ ಕೆಟ್ಟು ಬಹಳ ದಿನ ಮಲಗಿದ್ದು, ಚಳಿಗಾಲದಲ್ಲಿ ತೀರಿಕೊಂಡರು. ಆಮೇಲೆ ಅವರ ಹೆಂಡತಿ ಗಂಗಾಂಬಿಕಾ ಆ ಕೆಲಸ ತಾನು ಮಾಡುತ್ತೇನೆಂದು ಕಂಪ್ಯೂಟರಿನ ಮುಂದೆ ಕೂತರು. ಅವರು ಕೂತರೆ ಪ್ರೋಗ್ರಾಂ ಸಾಯುತ್ತಿತ್ತು. ಯಲ್ಲಾಲಿಂಗ ಕೂತರೆ ಸಾಯುತ್ತಿರಲಿಲ್ಲ.

ತೀರಿಹೋದ ತಮ್ಮನಿಗೆ ಹೆಂಡತಿ ಆ ಕುರ್ಚಿಯಲ್ಲಿ ಕೂಡುವುದು ಇಷ್ಟವಿಲ್ಲ ಎಂಬ ಮಾತು ಓಣಿಯಲ್ಲಿ ಹುಟ್ಟಿ ಮನೆಯೊಳಗೆ ಬಂತು. ಮಹಾಲಿಂಗಪುರದ ಒಬ್ಬರು ಕಂಪ್ಯೂಟರ್ ಕೊಳ್ಳಲು ಮುಂದೆ ಬಂದಿದ್ದರು. ಅದು ಹೋದರೆ ಗಂಗಾಂಬಿಕಾಗೆ ಉಳಿಯುವುದು ಶೆಡ್ಡಿನ ಮೂಲೆಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುವ ಕೆಲಸ. ಒಮ್ಮೆ ಒಳಗೇನಿದೆ ನೋಡಿ ಹೇಳಿದರೆ ಮಾರುವುದೋ ಬಿಡುವುದೋ ತೀರ್ಮಾನ ಮಾಡುತ್ತೇನೆ ಎಂದು ಯಲ್ಲಾಲಿಂಗ ಫೋನಿನಲ್ಲಿ ಹೇಳಿದ್ದರು.

ಕಂಪ್ಯೂಟರ್ ಇದ್ದದ್ದು ಅಟ್ಟದ ಕೋಣೆಯಲ್ಲಿ. ಕಡಿದಾದ ಮೆಟ್ಟಿಲು. ಗೋಡೆಗೆ ಹತ್ತಿದ ಮಂಚದ ಮೇಲೆ ಹಾಸಿಗೆ ಸುತ್ತಿಟ್ಟಿತ್ತು. ಅದರ ಮೇಲೆ ಯಾರೂ ಕೂಡುತ್ತಿರಲಿಲ್ಲ. ರಸಿಕಾ ಬಂದ ಸುದ್ದಿ ಕೇಳಿ ಸಾವಿತ್ರೆವ್ವ ಗೋಡೆ ಹಿಡಿದು ಹತ್ತಿ ಬಂದರು. ಯಲ್ಲಾಲಿಂಗ, ಸೋಮಲಿಂಗರ ತಾಯಿ. ಮಗ ಮಲಗಿದ್ದಾಗ ಮೊಣಕಾಲು ನೋವಿಗೆ ಮೆಟ್ಟಿಲು ಹತ್ತಲಾರದೆ ಕೆಳಗಿನಿಂದಲೇ ಕೂಗಿ ಮಾತಾಡಿಸುತ್ತಿದ್ದವರು, ಈಗ ಕಂಪ್ಯೂಟರ್ ಸತ್ತಿತೆಂದು ತಿಳಿದರೆ ಸಾಕು, ಮೇಲೆ ಬರುತ್ತಾರೆ ಎಂದು ಯಲ್ಲಾಲಿಂಗ ಬೇಸರದಲ್ಲಿ ಹೇಳಿದರು.

ಮೊದಲು ಯಲ್ಲಾಲಿಂಗ ತಾವೇ ಕೂತು ತೋರಿಸಿದರು. ಪ್ರೋಗ್ರಾಂ ತೆರೆಯಿತು, ಡಿಸೈನ್ ಮಾಡಿದವರ ಹೆಸರು ಕೇಳಿತು, ಅವರು ತಮ್ಮನ ಹೆಸರು ಹೊಡೆದರು. ನಾಲ್ಕು ಗೆರೆ ಎಳೆದು ಕೈಕಟ್ಟಿ ಕೂತರು. ಏನೂ ಆಗಲಿಲ್ಲ.

ಗಂಗಾಂಬಿಕಾ ಕೂತರು. ಅವರ ಕೈ ಚುರುಕಾಗಿತ್ತು. ಚೌಕಗಳ ಮೇಲೆ ಒಂದೊಂದೇ ಬಣ್ಣ ತುಂಬುತ್ತ ಸೆರಗಿನ ಗೋಪುರದ ಸಾಲು ಎದ್ದಿತು. ಮುಂದೇನು ಹಾಕುವುದೆಂದು ಯೋಚಿಸಲು ಅವರು ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಂದೇ ಸಲಕ್ಕೆ ನಿಂತವು. ರಬಕವಿಯಲ್ಲಿ ಹಗಲು ಹೊತ್ತು ಅಂಥ ಮೌನ ಕೇಳಿದವರು ಕಡಿಮೆ. ಕಂಪ್ಯೂಟರ್ ಮಾತ್ರ ಬ್ಯಾಟರಿಯ ಮೇಲೆ ಉರಿಯುತ್ತಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ. ಗೋಪುರದ ಸಾಲು ತಟ್ಟನೆ ಮಾಯವಾಗಿ ಅದರ ಹಿಂದಿದ್ದ ಫೋಟೊ ಪರದೆಯ ತುಂಬ ಬಂತು. ಆಲಮಟ್ಟಿಯ ತೋಟದಲ್ಲಿ ನಿಂತ ಸೋಮಲಿಂಗ, ಬಿಸಿಲಿಗೆ ಕಣ್ಣು ಸಣ್ಣ ಮಾಡಿ, ನೇರ ಎದುರಿಗೆ ನೋಡುತ್ತಿದ್ದರು.

ಸಾವಿತ್ರೆವ್ವ ಮೆಲ್ಲಗೆ ಹೇಳಿದರು: ‘ಬಂದ ನೋಡ್ರಿ.’

ಗಂಗಾಂಬಿಕಾ ಕುರ್ಚಿ ಬಿಟ್ಟು ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು.

ರಸಿಕಾ ಆ ಸಾವಿನ ಡಂಪ್ ಅನ್ನು ವ್ಯೂವರಿನಲ್ಲಿ ತೆರೆದರು. ಕಡೆಯ ಕೆಲಸಗಳ ಪಟ್ಟಿ ಸ್ಪಷ್ಟವಾಗಿತ್ತು. ಬಳಸುವವರ ಕೈ ಸುಮ್ಮನಾದಾಗ ಪ್ರೋಗ್ರಾಂ ಡಿಸೈನನ್ನು ತಾನೇ ಉಳಿಸಲು ಹೊರಡುತ್ತದೆ. ಉಳಿಸುವ ಮುನ್ನ ಅಂಚಿನಲ್ಲಿ ಮಾಡಿದವರ ಹೆಸರು ಬರೆಯುತ್ತದೆ. ಹೆಸರು ತರಲು ಹೋದಲ್ಲಿ ಅದು ಸತ್ತಿತ್ತು. ಹೆಸರು ಇರಬೇಕಾದ ಜಾಗದಲ್ಲಿ ಬರೀ ಸೊನ್ನೆಗಳಿದ್ದವು.

ಅದರ ಸುತ್ತಮುತ್ತ ಏನಿದೆ ನೋಡೋಣವೆಂದು ರಸಿಕಾ ಕೆಳಗೆ ಸರಿಸಿದರು. ಬಲಗಡೆಯ ಸಾಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಒಂದು ಗುಂಪು ಮತ್ತೆ ಮತ್ತೆ ಬರುತ್ತಿತ್ತು. ಹಳೆಯ ಕನ್ನಡ ಫಾಂಟಿನಲ್ಲಿ ಬರೆದದ್ದು ಹಾಗೆ ಕಾಣುತ್ತದೆ ಎಂದು ಅವರಿಗೆ ಗೊತ್ತು. ಆ ಸಾಲನ್ನು ಎತ್ತಿ ಬೇರೆ ಕಡೆ ಇಟ್ಟು ಫಾಂಟ್ ಬದಲಿಸಿದರು. ಸೋಮಲಿಂಗ. ಸೋಮಲಿಂಗ. ಸೋಮಲಿಂಗ. ಪರದೆಯ ಮೇಲಿನಿಂದ ಕೆಳಗಿನವರೆಗೂ ಅದೇ. ಹಳೆಯ ಡಿಸೈನ್‌ಗಳ ಅಂಚಿನಲ್ಲಿದ್ದ ಹೆಸರುಗಳನ್ನು ಪ್ರೋಗ್ರಾಂ ಓದಿಕೊಂಡಿತ್ತು, ಅಷ್ಟೇ. ಆದರೆ ಸತ್ತ ಪ್ರೋಗ್ರಾಮಿನ ನೆನಪಿನ ತುಂಬ ಸತ್ತವನ ಹೆಸರಿತ್ತು. ಇರಬೇಕಾದ ಒಂದು ಜಾಗದಲ್ಲಿ ಮಾತ್ರ ಇರಲಿಲ್ಲ. ಕುತ್ತಿಗೆಯ ಹಿಂದೆ ತಣ್ಣಗಾಯಿತು ಎಂದು ರಸಿಕಾ ಈಗಲೂ ಹೇಳುತ್ತಾರೆ. ಯಲ್ಲಾಲಿಂಗ ಒಂದು ಹೆಜ್ಜೆ ಹಿಂದೆ ಸರಿದಿದ್ದರು. ಓದು ಬಾರದ ಸಾವಿತ್ರೆವ್ವ ಮಾತ್ರ ಏನದು ಏನದು ಎಂದು ಕೇಳುತ್ತಿದ್ದರು.

ಖಚಿತ ಮಾಡಿಕೊಳ್ಳಲು ರಸಿಕಾ ಗಂಗಾಂಬಿಕಾ ಕಡೆ ತಿರುಗಿ ಗಂಡನ ಪೂರ್ತಿ ಹೆಸರು ಕೇಳಿದರು. ಗಂಗಾಂಬಿಕಾ ಬಾಯಿ ತೆರೆಯಲಿಲ್ಲ. ಅತ್ತೆಯ ಮುಖ ನೋಡಿದರು.

‘ಸೋಮಲಿಂಗ,’ ಎಂದರು ಸಾವಿತ್ರೆವ್ವ.

ಆಗ ರಸಿಕಾಗೆ ತಿಳಿಯಿತು. ಅವರ ಅತ್ತೆ ರಾಧಾಬಾಯಿ ಕೂಡ ಮಾವ ಕೃಷ್ಣಾಜಿಯವರ ಹೆಸರನ್ನು ಜೀವಮಾನದಲ್ಲಿ ಬಾಯಿಂದ ಆಡಿಲ್ಲ. ಬ್ಯಾಂಕಿನವರು ಕೇಳಿದರೂ ಪಕ್ಕದವರ ಮುಖ ನೋಡುತ್ತಾರೆ. ರಸಿಕಾ ಗಂಗಾಂಬಿಕಾ ಅವರನ್ನು ಮತ್ತೆ ಕೂರಿಸಿ ಪ್ರೋಗ್ರಾಂ ತೆರೆಯಲು ಹೇಳಿದರು. ಹೆಸರು ಕೇಳುವ ಚೌಕ ಬಂತು. ಗಂಗಾಂಬಿಕಾ ತಲೆ ತಗ್ಗಿಸಿ ಎಂಟರ್ ಒತ್ತಿ ಮುಂದೆ ಹೋದರು.

‘ಅಲ್ಲಿ ಏನೂ ಬರೀಲಿಲ್ಲಲ್ರೀ,’ ಎಂದರು ರಸಿಕಾ.

‘ಅದು ಅವರ ಹೆಸರಿನ ಜಾಗಾರಿ. ಬಾಯಿಲೆ ತಗೊಳ್ಳಲಾರದ್ದು ಕೈಲೆ ಹೆಂಗ ಹೊಡೀಲಿ?’

ಇಷ್ಟೇ ಕಾರಣ. ಹೆಸರು ಬರೆಯದೆ ಮುಂದೆ ಹೋಗುವವರು ಇದ್ದಾರೆಂದು ಪ್ರೋಗ್ರಾಂ ಬರೆದವರಿಗೆ ಹೊಳೆದಿರಲಿಲ್ಲ. ರಸಿಕಾ ಬಿಡಿಸಿ ಹೇಳಿದರು. ಯಲ್ಲಾಲಿಂಗ ಒಪ್ಪಲಿಲ್ಲ.

‘ಹೆಸರ ಇಲ್ಲಂದ್ರ ಸಾಯತೈತಿ, ಖರೆ. ಅಂದ್ರ ನಮ್ಮ ತಮ್ಮನ ಹೆಸರ ಬೇಡಾಕತ್ತೈತಿ ಅಂದಂಗಾತಲ್ರಿ. ನಾವ ಹೇಳಿದ್ದೂ ಅದ.’

ರಸಿಕಾ ಮತ್ತೆ ಪರದೆಯತ್ತ ತಿರುಗಿದರು. ಡಂಪ್‌ಗಳಿದ್ದ ಫೋಲ್ಡರನ್ನು ಕಡೆಯವರೆಗೆ ಸರಿಸಿದರು. ಅಲ್ಲಿ ಇನ್ನೂ ಹಳೆಯವು ಇದ್ದವು, ಆ ಚಳಿಗಾಲಕ್ಕೂ ಹಿಂದಿನ ಶ್ರಾವಣದವು. ಒಂದನ್ನು ತೆರೆದರು. ಹೆಸರಿನ ಜಾಗದಲ್ಲಿ ಸೊನ್ನೆ. ಇನ್ನೊಂದರಲ್ಲೂ ಸೊನ್ನೆ. ಸೋಮಲಿಂಗ ಇನ್ನೂ ಬದುಕಿದ್ದ ದಿನಗಳು ಅವು. ಆಗ ಇಲ್ಲಿ ಕೂತವರು ಯಾರು ಎಂದು ಕೇಳಿದರು.

ಆ ಡಂಪಿನ ನೆನಪಿನಲ್ಲಿ ಅರ್ಧ ಬಿಡಿಸಿದ ಡಿಸೈನ್ ಕೂಡ ಇತ್ತು. ಅಂಕಿಗಳನ್ನು ಚಿತ್ರವಾಗಿ ತೋರಿಸುವಂತೆ ವ್ಯೂವರಿಗೆ ಹೇಳಿದಾಗ ಒಂದು ಅಂಚು ಕೆಳಗಿನಿಂದ ಮೇಲಕ್ಕೆ ಸಾಲುಸಾಲಾಗಿ ಮೂಡಿತು: ಒಂದಕ್ಕೊಂದು ಬೆನ್ನು ಮಾಡಿ ಕೂತ ಗಿಳಿಗಳು, ಕಡೆಯ ಗಿಳಿಗೆ ತಲೆ ಇಲ್ಲ. ಯಲ್ಲಾಲಿಂಗ ಬಗ್ಗಿ ನೋಡಿದರು. ಆ ಗಿಳಿ ಅಂಚು ಕೆಳಗಿನ ಶೆಡ್ಡಿನಲ್ಲಿ ಅವರ ಮಗ್ಗಗಳ ಮೇಲೇ ಇತ್ತು. ಆ ವರ್ಷ ಬನಹಟ್ಟಿಯ ವ್ಯಾಪಾರಿಗಳು ಕೇಳಿ ಕೇಳಿ ಒಯ್ದದ್ದು ಅದನ್ನೇ.

‘ಇದು ಸೋಮ್ಯಾ ಮಾಡಿದ್ದು,’ ಎಂದರು.

‘ಅವರ ಕಣ್ಣ ಮಂಜಾಗಿದ್ವು ಭಾವಾರ,’ ಎಂದರು ಗಂಗಾಂಬಿಕಾ. ‘ಮಂಚದ ಮ್ಯಾಲಿಂದ ಹೇಳತಿದ್ರು, ನಾ ಹಾಕತಿದ್ದೆ. ಆಮ್ಯಾಲ ಹೇಳೂದೂ ಬಿಟ್ರು. ಇದು ಸತ್ತಾಗೊಮ್ಮೆ ಎದ್ದು ಬಂದು, ನಗತಾ ತಮ್ಮ ಹೆಸರ ಹೊಡದು, ಹೋಗಿ ಮಲಗತಿದ್ರು. ಮಂದಿಗೆ ಹೇಳಬ್ಯಾಡ ಅಂದಿದ್ರು.’

ಹೆಂಡತಿ ಕೂಡುವುದು ಬೇಡವೆಂದು ಸತ್ತವನು ತಡೆಯುತ್ತಿದ್ದಾನೆ ಎನ್ನುವುದಾದರೆ, ಬದುಕಿದ್ದಾಗ ಪಕ್ಕದಲ್ಲೇ ಮಲಗಿ ಕೂರಿಸಿದವನು ಯಾರು ಎಂಬ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಮಹಾಲಿಂಗಪುರದವರಿಗೆ ಇಲ್ಲವೆಂದು ಹೇಳುತ್ತೇನೆ ಎಂದರು ಯಲ್ಲಾಲಿಂಗ.

ಯಾರ ಹೆಸರು ಬರೆದರೂ ನಡೆಯುತ್ತದೆಯೇ ಎಂದು ಗಂಗಾಂಬಿಕಾ ಕೇಳಿದರು.

‘ಮಾಡಿದವರ ಹೆಸರು ಕೇಳ್ತದರಿ ಅದು,’ ಎಂದರು ರಸಿಕಾ. ‘ನೀವ ಮಾಡೀರಿ.’

ಅಷ್ಟು ಚುರುಕಾಗಿ ಬಣ್ಣ ತುಂಬುತ್ತಿದ್ದವರು ಒಂದೊಂದೇ ಕೀಲಿ ಹುಡುಕಿ ಒತ್ತಿ ತಮ್ಮ ಹೆಸರು ಬರೆದರು. ಗೋಪುರದ ಸಾಲು ಮತ್ತೆ ಹಾಕಿ ಕೈ ತೆಗೆದರು. ಎಲ್ಲರೂ ಕಾದರು. ಸಾವಿತ್ರೆವ್ವ ಪರದೆಗೆ ತೀರ ಹತ್ತಿರ ಬಂದು ಮಗನ ಮುಖ ಬರುವ ಜಾಗವನ್ನೇ ನೋಡುತ್ತ ನಿಂತರು. ಗೋಪುರಗಳು ಅಲುಗಲಿಲ್ಲ. ಕರೆಂಟು ಬಂದು ಕೆಳಗೆ ಮಗ್ಗಗಳು ಒಂದೊಂದಾಗಿ ಸದ್ದು ಮಾಡತೊಡಗಿದವು.

‘ಆತು,’ ಎಂದರು ಆ ಮುದುಕಿ. ‘ಹ್ವಾದ.’

ಗೋಡೆ ಹಿಡಿದು ಇಳಿದು ಹೋದರು.

ಮುಂದೆ ಪ್ರೋಗ್ರಾಂ ಸತ್ತರೆ ಡಂಪ್ ತಾನಾಗಿ ತಮಗೆ ಬರುವಂತೆ ಮಾಡಿ ರಸಿಕಾ ಊರಿಗೆ ಮರಳಿದರು. ಮಳೆಗಾಲ ಕಳೆಯುವವರೆಗೆ ರಬಕವಿಯಿಂದ ಏನೂ ಬರಲಿಲ್ಲ. ದೀಪಾವಳಿ ಮುಗಿದ ಮೇಲೆ ಒಂದು ಬಂತು. ನಂತರ ಆಗಾಗ. ತೆರೆದು ನೋಡಿದರೆ ಡಿಸೈನ್ ಖಾಲಿ, ಒಂದು ಗೆರೆಯೂ ಇಲ್ಲ. ಹೆಸರಿನ ಜಾಗದಲ್ಲಿ ಸೊನ್ನೆ. ಯಾರೋ ಪ್ರೋಗ್ರಾಂ ತೆರೆದು, ಏನೂ ಮಾಡದೆ, ಅದು ಸಾಯುವವರೆಗೆ ಸುಮ್ಮನೆ ಕೂತಿದ್ದರು.

ಅಷ್ಟರಲ್ಲಿ ಕಂಪನಿ ಈ ದೋಷ ತಿದ್ದಿತ್ತು. ತಿದ್ದಿದ್ದನ್ನು ಎಲ್ಲರ ಕಂಪ್ಯೂಟರಿಗೂ ಹಾಕುವ ಕೆಲಸ ರಸಿಕಾ ಅವರದೇ. ಅದನ್ನು ಹೇಳಲು ಗಂಗಾಂಬಿಕಾಗೆ ಫೋನ್ ಮಾಡಿದರು. ಜೊತೆಗೆ ಆ ಖಾಲಿ ಡಂಪ್‌ಗಳ ಮಾತೂ ತೆಗೆದರು.

‘ಗೊತ್ತೈತ್ರಿ,’ ಎಂದರು ಗಂಗಾಂಬಿಕಾ. ‘ನಾ ಕೆಲಸ ಉಳಿಸಿ, ಬಂದ್ ಮಾಡಿ ಊಟಕ್ಕ ಇಳೀತೇನಿ. ಆಗ ಅತ್ಯಾರ ಮ್ಯಾಲ ಹೋಗಿ ಮಗನ ದಾರಿ ನೋಡ್ಕೋತ ಕೂಡ್ತಾರ. ತಗಿಯೂದು, ಎಂಟರ್ ಒತ್ತೂದು ನನ್ನ ನೋಡೇ ಕಲ್ತಾರ. ನೀವು ಹಾಕೂದು ಹಾಕ್ರಿ, ನಮ್ಮದಕ್ಕ ಮಾತ್ರ ಬ್ಯಾಡ್ರಿ.’

ಮುಧೋಳ, ಬೀಳಗಿ, ಬನಹಟ್ಟಿಯ ಎಲ್ಲ ಗಿರಾಕಿಗಳಿಗೂ ರಸಿಕಾ ಹೊಸದನ್ನು ಹಾಕಿಕೊಟ್ಟಿದ್ದಾರೆ. ರಬಕವಿಯ ಆ ಒಂದು ಕಂಪ್ಯೂಟರಿನಲ್ಲಿ ಹಳೆಯದೇ ಇದೆ.