ನಾರು ಸೀದ ಟ್ರೇ

ತುರ್ಭೆಯ ನಮ್ಮ ಫ್ಯಾಕ್ಟರಿಯಲ್ಲಿ ಪ್ಲಾಸ್ಟಿಕ್ಕಿಗೆ ಕಲ್ಲಿನ ಪುಡಿ ಬೆರೆಸಿ ಟ್ರೇ ಮಾಡುವುದು ಹಳೆಯ ಕಸುಬು. ಪುಡಿಯ ಬದಲು ತೆಂಗಿನ ನಾರು ಬೆರೆಸೋಣ, ಮಾಲು ಗಟ್ಟಿಯೂ ಇರುತ್ತದೆ, ಹಗುರವೂ ಆಗುತ್ತದೆ ಎಂದು ಮಾಲೀಕರ ತಲೆ ತಿಂದವಳು ನಾನು. ಯಾವುದಾದರೂ ಹೋಟೆಲಿನವರು ನಾರಿನ ಟ್ರೇಗಳನ್ನು ಮಳೆಗಾಲ ಮುಗಿಯುವವರೆಗೆ ಬಳಸಿ ಒಪ್ಪಲಿ, ಇಲ್ಲವಾದರೆ ನಾರಿನ ಕೆಲಸ ಬಂದ್ ಎಂದರು ಅವರು. ಡೊಂಬಿವಲಿಯಲ್ಲಿ ಹೋಟೆಲು ನಡೆಸುವ ನನ್ನ ಅಕ್ಕನ ಗಂಡ ಒಪ್ಪಿಕೊಂಡರು.

ನಾರು ಒದ್ದೆಯಿದ್ದರೆ ಟ್ರೇಯಲ್ಲಿ ಗುಳ್ಳೆ ಏಳುತ್ತದೆ. ಮೆಷಿನ್ನಿನ ಕಾವು ತುಸು ಹೆಚ್ಚಿದರೆ ಸೀದುಹೋಗುತ್ತದೆ. ನಮ್ಮ ಮೊದಲ ಮಾಲು ಸೀದೇ ಬಂತು. ನೋಡಲು ಕಪ್ಪುಗಂದು, ಮೂಗಿಗೆ ಹಿಡಿದರೆ ಹೊಗೆ. ಪುಡಿ ಮಾಡಿಸಲು ಬದಿಗಿಟ್ಟಿದ್ದೆ. ಅಷ್ಟರಲ್ಲಿ ಭಾವ ಬಂದರು. ಒಂದನ್ನು ಎತ್ತಿ ಮೂಸಿದರು, ಮತ್ತೆ ಮೂಸಿದರು.

“ಇದು ಊರಿನ ಬಚ್ಚಲ ಒಲೆದೇ ವಾಸನೆ ಅಲ್ವಾ ಮಾರಾಯ್ತಿ. ನಂಗೆ ಇದೇ ಬೇಕು.”

ಬೇಡವೆಂದರೂ ಕೇಳದೆ ಟೆಂಪೊಗೆ ಹಾಕಿಸಿಕೊಂಡು ಹೋದರು. ನನಗೆ ಸಿಟ್ಟೇ ಬಂತು. ತೆಂಗಿನ ಸಿಪ್ಪೆ ಉರಿಸಿ ಹಂಡೆ ಕಾಯಿಸಿದ ನೆನಪು ಅವರದು, ಹೋಗುವ ಕೆಲಸ ನನ್ನದು.

ಬಿಸಿ ಇಡ್ಲಿಯ ತಟ್ಟೆ ಇಟ್ಟ ಕೂಡಲೇ ಟ್ರೇ ವಾಸನೆ ಬಿಡುತ್ತಿತ್ತು. ಸಾಂಬಾರು ಸೀದಿದೆಯೆಂದು ಗಿರಾಕಿಗಳು ವಾಪಸು ಕಳಿಸಿದರು. ದೋಸೆ ಭಟ್ಟರು ಸುಮ್ಮಸುಮ್ಮನೆ ಕಾವಲಿ ತಿಕ್ಕಿ ಸುಸ್ತಾದರು. ಈ ಊರಿನವರಿಗೆ ಮೂಗೇ ಇಲ್ಲ ಎಂದು ಗಲ್ಲಾಪೆಟ್ಟಿಗೆಯ ಮುಂದೆ ಕೂತ ಭಾವನ ತೀರ್ಮಾನ. ಕೊನೆಗೆ ಅಕ್ಕನೇ ಹಳೆಯ ಸ್ಟೀಲ್ ಟ್ರೇಗಳನ್ನು ಹೊರತೆಗೆಸಿದಳು.

ನಾರನ್ನು ಚೆನ್ನಾಗಿ ಒಣಗಿಸಿ, ಕಾವು ಇಳಿಸಿ ಮತ್ತೊಮ್ಮೆ ಮಾಡಿದೆ. ಈ ಸಲ ಯಾವ ವಾಸನೆಯೂ ಇಲ್ಲ. ಭಾವ ಮೂಸಿ ನೋಡಿ, ಮುಖ ಸಣ್ಣದು ಮಾಡಿ ತೆಗೆದುಕೊಂಡರು. ಗಿರಾಕಿಗಳಿಂದ ದೂರು ಬರಲಿಲ್ಲ. ಮಳೆಗಾಲ ಮುಗಿಯಿತು, ನಾರಿನ ಕೆಲಸ ಉಳಿಯಿತು. ನಾನು ಗೆದ್ದೆ ಅನ್ನಿ.

ಮರುವರ್ಷ ಅಕ್ಕನ ಮನೆಗೆ ಹೋದಾಗ ಬಚ್ಚಲಲ್ಲಿ, ಗೀಸರಿನ ಕೆಳಗೆ, ಸೀದ ಟ್ರೇ ಒಂದಿತ್ತು. ಭಾವ ದಿನಾ ಅದರ ಮೇಲೆ ಬಿಸಿನೀರು ಸುರಿದೇ ಸ್ನಾನಕ್ಕೆ ಕೂರುತ್ತಾರೆಂದು ಅಕ್ಕ ನಕ್ಕಳು. ನಾನೂ ಬಾಗಿಲು ಹಾಕಿಕೊಂಡು ಒಂದು ಚೊಂಬು ಸುರಿದೆ. ಬಗ್ಗಿ ಮೂಸಿದೆ. ಸೋಪಿನ ವಾಸನೆ, ಅಷ್ಟೇ.

ಹೊರಗೆ ಬಂದಾಗ ಭಾವ ಪೇಪರಿನಿಂದ ತಲೆಯೆತ್ತಿದರು.

“ಬರ್ತದಲ್ಲ?”

“ಬರ್ತದೆ ಭಾವ” ಎಂದೆ.