ಅಂಕ ಏರಿದ ಬ್ಲಾಸ್ಟರ್

ಕೊರೊನಾ ಮುಗಿದ ಮರುವರ್ಷ ನಾನು ಹೊಸಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದೆ. ಮೆದುಳಿನ ಆಪರೇಷನ್ನಿಗೆ ಮುಂಚೆ ಒಮ್ಮೆ, ಆದಮೇಲೆ ಒಮ್ಮೆ ರೋಗಿಯ ನೆನಪನ್ನು ಅಳೆಯುವುದು ನನ್ನ ಕೆಲಸಗಳಲ್ಲೊಂದು. ಹದಿನೈದು ಪದಗಳನ್ನು ಐದು ಸಲ ಓದಿ ಹೇಳುತ್ತೇವೆ. ಅರ್ಧ ಗಂಟೆ ಬಿಟ್ಟು ಎಷ್ಟು ಉಳಿದಿವೆ ಎಂದು ಕೇಳುತ್ತೇವೆ. ಎರಡು ಅಂಕ ಅಕ್ಕಪಕ್ಕ ಇಟ್ಟರೆ ಆಯಿತು ಎಂದು ಜನ ತಿಳಿಯುತ್ತಾರೆ. ನಾನು ಕಂಪ್ಲಿ ಸಂತೆಯಲ್ಲಿ ಅಪ್ಪನ ಜೊತೆ ಹಣ್ಣು ಮಾರಿ ಓದಿದವನು. ಮೇಲಿನ ಹಣ್ಣು ನೋಡಿ ಬುಟ್ಟಿ ಕೊಳ್ಳುವ ಅಭ್ಯಾಸ ನನಗಿಲ್ಲ.

ಗಾದಿಗನೂರಿನ ಮಲ್ಲೇಶಿ ಸಂಡೂರಿನ ಅದಿರು ಗಣಿಯೊಂದರಲ್ಲಿ ಬ್ಲಾಸ್ಟರ್. ಬಂಡೆಯಲ್ಲಿ ಕೊರೆದ ಗುಂಡಿಗಳಿಗೆ ಮದ್ದು ತುಂಬಿಸಿ, ಎಲ್ಲರನ್ನೂ ದೂರ ಕಳಿಸಿ, ಕೊನೆಗೆ ಸಿಡಿಸುವವನು. ಎಡಗಿವಿಯ ಮೇಲ್ಗಡೆ, ಮಾತಿನ ನೆನಪಿಗೆ ಸಂಬಂಧಿಸಿದ ಟೆಂಪೊರಲ್ ಲೋಬ್‌ನಲ್ಲಿ ಅವನಿಗೆ ಗಡ್ಡೆಯಾಗಿತ್ತು. ಬೆಂಗಳೂರಿನಲ್ಲಿ ತೆಗೆದರು. ಅದಕ್ಕೆ ಮುಂಚೆ ಅಲ್ಲಿ ಮಾಡಿದ ಪರೀಕ್ಷೆಯಲ್ಲಿ ಎಂಟು ಪದ ಹೇಳಿದ್ದ. ಆರು ತಿಂಗಳ ನಂತರ ನನ್ನ ಮುಂದೆ, ಅದೇ ಪಟ್ಟಿಗೆ, ಹದಿಮೂರು.

ಗಣಿಯ ಸೇಫ್ಟಿ ಆಫೀಸರ್ ಫೋನ್ ಮಾಡಿದರು. "ಎಂಟಿತ್ತು, ಹದಿಮೂರಾತು. ಇನ್ನೇನ್ ಬೇಕ್ರಿ ಸರ? ಫಿಟ್ ಅಂತ ಒಂದ್ ಸಾಲು ಬರೀರಿ, ಸೋಮವಾರ ಡ್ಯೂಟಿಗೆ ಹಾಕ್ಕೊಂತೀವಿ."

"ಇವತ್ತೇ ಬೇಕಂದ್ರ ಅನ್‌ಫಿಟ್ ಅಂತ ಬರಿತೀನಿ. ನಾಳೆತನಕ ತಡದ್ರ ಖರೇದು ಬರಿತೀನಿ. ಯಾವ್ದು ಬೇಕ್ರಿ?"

"ಭಾಳ ಜಗ್ಗತೀರಿ ನೀವು. ನಾಳೆನೇ ಬರೀರಿ."

ಅದೇ ಪಟ್ಟಿಯಿಂದ ಎರಡನೇ ಸಲ ಪರೀಕ್ಷಿಸಿದರೆ ಯಾರಿಗಾದರೂ ಅಂಕ ತುಸು ಏರುತ್ತದೆ. ಇದನ್ನು ಪ್ರಾಕ್ಟೀಸ್ ಎಫೆಕ್ಟ್ ಎನ್ನುತ್ತೇವೆ. ಆದರೆ ನಾನು ಒಂದು ದಿನ ಕೇಳಿದ್ದು ಬೇರೆ ಕಾರಣಕ್ಕೆ. ನಾನು ಪಟ್ಟಿಯನ್ನು ಮೊದಲ ಸಲ ಓದುತ್ತಿದ್ದಾಗ, ಮುಂದಿನ ಪದ ನನ್ನ ಬಾಯಿಂದ ಹೊರಡುವ ಮೊದಲೇ ಮಲ್ಲೇಶಿಯ ತುಟಿ ಅದನ್ನು ಆಡಿತ್ತು.

ಮರುದಿನ ಅಷ್ಟೇ ಕಷ್ಟದ ಬೇರೆ ಪಟ್ಟಿ ಓದಿದೆ. ಅರ್ಧ ಗಂಟೆ ಬಿಟ್ಟು ಕೇಳಿದೆ. ಅವನು ಕಣ್ಣು ಮುಚ್ಚಿ ರಾಗವಾಗಿ ಶುರು ಮಾಡಿದ: "ನೇಗಿಲು, ಬೀಗ, ಕೊಡ, ಸೇತುವೆ..." ಎಲ್ಲವೂ ಹಳೆಯ ಪಟ್ಟಿಯವು. ಹೊಸದರದ್ದು ಒಂದೂ ಇಲ್ಲ.

"ಎಲ್ಲಾ ಬಂದ್ವಲ್ರಿ ಸಾರ್?" ಎಂದು ನಕ್ಕ.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವನ ಹೆಂಡತಿ ಹುಲಿಗೆಮ್ಮನನ್ನು ಒಳಗೆ ಕರೆದೆ. "ಇದನ್ನ ಕಲಿಸಿದ್ದು ನೀವಾ?"

"ಹೂನ್ರಿ. ಬೆಂಗ್ಳೂರಾಗ ನಾನೂ ಒಳಗ ಕುಂತಿದ್ನಲ್ರಿ, ಕೇಳಿ ಕೇಳಿ ಬಾಯಿಗೆ ಬಂತು. ಮನಿಗೆ ಬಂದ್ಮ್ಯಾಲೆ ಮಗ್ಗಿ ಹೇಳಿಸಿದಂಗ ದಿನಾ ಹೇಳಿಸೀನಿ. ಪರೀಕ್ಷೆ ಅಂದ್ರ ಓದ್ಕೊಂಡ್ ಬರಬಾರ್ದೇನ್ರಿ?"

ತಿಂಗಳುಗಟ್ಟಲೆ ತಿದ್ದಿದ್ದು ಅವನ ತಲೆಗೆ ಹತ್ತಿತ್ತು. ಅರ್ಧ ಗಂಟೆಯ ಹಿಂದಿನದು ಉಳಿದಿರಲಿಲ್ಲ.

"ಮದ್ದು ತುಂಬೋ ಕಡೆ ಅವನ ಸಂಗಡ ಯಾರ್ ಇರ್ತಾರ?"

"ನಮ್ ತಮ್ಮ ಪಂಪಣ್ಣ."

"ನಾ ಫಿಟ್ ಅಂತ ಬರದೆ ಅನ್ನ್ರಿ. ಪಂಪಣ್ಣಂಗ ಕೊನೀ ಗುಂಡಿ ನೋಡ್ಕೊಂಡ್ ಬಾ ಅಂತ ಇವನೇ ಕಳಿಸ್ತಾನ. ಅರ್ಧ ತಾಸಿಗೆ ಆ ಮಾತು ಹೋಗಿ, ಹಳೇ ದಿನದ್ದು ನೆನಪಿಗೆ ಬರ್ತೈತಿ, ಎಲ್ಲಾರೂ ಹೊರಗ ಅದಾರ ಅಂತ. ಈಗ ಪದ ಹೇಳಿದ್ನಲ್ಲ, ಹಂಗ. ಆಮ್ಯಾಲೆ ಸ್ವಿಚ್ ಒತ್ತತಾನ."

ಹುಲಿಗೆಮ್ಮ ಗಂಡನ ಕಡೆ ನೋಡಿದಳು. ಅವನು ಇನ್ನೂ ನಗುತ್ತಲೇ ಇದ್ದ.

"ಬ್ಯಾಡ್ರೀ," ಎಂದಳು. "ಇದ್ದದ್ದು ಬರೀರಿ."

"ಯಾಕ, ನಾನು ಫೇಲಾ?" ಎಂದ ಮಲ್ಲೇಶಿ.

ಅಂಕ ಏರಿದೆ, ನೆನಪು ಇಳಿದಿದೆ, ಸಿಡಿಮದ್ದಿನ ಹತ್ತಿರ ಬಿಡಬೇಡಿ ಎಂದು ಬರೆದೆ. ಆಫೀಸರ್ ಜೊತೆ ಜಗ್ಗಾಡಿ ಅವನನ್ನು ಗಣಿಯ ನರ್ಸರಿಗೆ, ಸಸಿಗಳಿಗೆ ನೀರು ಹಾಕುವ ಕೆಲಸಕ್ಕೆ ಹಾಕಿಸಿದೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಪರೀಕ್ಷೆ ಆದರೆ, ಎರಡನೇ ಸಲ ಬೇರೆ ಪಟ್ಟಿ ಕೊಡಿ ಎಂದು ಕೇಳಿ, ಸಂಕೋಚ ಬೇಡ. ಮುಖ್ಯವಾಗಿ, ಅವರನ್ನು ಓದಿಸಿ ಕಳಿಸಬೇಡಿ. ಇಲ್ಲಿ ಕಡಿಮೆ ಅಂಕ ಬಂದರೆ ಯಾರೂ ಸಾಯುವುದಿಲ್ಲ. ಸುಳ್ಳು ಅಂಕ ಬಂದರೆ, ಸಾಯುವವನು ರೋಗಿಯೇ ಆಗಿರಬೇಕೆಂದಿಲ್ಲ.